ಲೂಡೋಗೆ ಆಫ್‌ಲೈನ್ ಬೇಕೆಂದವನು ನಾನೇ

ಹೊಟ್ಟೆಕಿಚ್ಚಿಗೂ ಒಂದು ನಿವೃತ್ತಿ ವಯಸ್ಸು ಇರಬೇಕಿತ್ತು. ನನಗೆ ಅರವತ್ತು ತುಂಬಿದ ದಿನ ಶಾಲೆಯ ಬೀಗದ ಕೈ, ಮುದ್ರೆ, ಹಾಜರಿ ಪುಸ್ತಕ ಎಲ್ಲವನ್ನೂ ಸಹಿ ಹಾಕಿಸಿಕೊಂಡು ಹಿಂದಕ್ಕೆ ಪಡೆದರು. ಇದೊಂದನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಮನೆಗೆ ತಂದುಬಿಟ್ಟೆ. ಸೇವೆಯಲ್ಲಿದ್ದಾಗ ಅದಕ್ಕೊಂದು ಘನತೆಯಾದರೂ ಇತ್ತು. ಒಮ್ಮೆ ಆಳಂದ ಕಡೆಯ ಒಂದು ಶಾಲೆಯನ್ನು ನೋಡಲು ಹೋಗಿದ್ದೆ. ಅಲ್ಲಿನ ಆವರಣದಲ್ಲಿ ಹದಿನಾಲ್ಕು ಬೇವಿನ ಮರ, ನನ್ನ ಶಾಲೆಯಲ್ಲಿ ಹನ್ನೊಂದು. ಅದೇ ವಾರ ನಾಲ್ಕು ಸಸಿ ನೆಡಿಸಿದೆ, ಮೂರನ್ನು ಆಡು ತಿಂದವು. ಆದರೂ ಆ ಹೊಟ್ಟೆಕಿಚ್ಚಿನಿಂದ ಊರಿಗೊಂದು ಮರವಾದರೂ ಸಿಕ್ಕಿತು. ಈಗ ಹೇಳಹೊರಟಿರುವ ಹೊಟ್ಟೆಕಿಚ್ಚಿನಿಂದ ಯಾರಿಗೂ ಏನೂ ಸಿಕ್ಕಿಲ್ಲ. ನಮ್ಮ ಮಲ್ಲಿಗೆ ಬಳ್ಳಿಯೊಂದು ಕೊಳೆತು ಹೋಯಿತು, ಅಷ್ಟೆ.

ಅಫಜಲಪುರದ ನಮ್ಮ ಮನೆಯಲ್ಲಿ ನಾನು ಬೆಳಿಗ್ಗೆ ನಾಲ್ಕೂ ಮುಕ್ಕಾಲಿಗೆ ಏಳುತ್ತೇನೆ. ಸ್ನಾನ, ಲಿಂಗಪೂಜೆ, ಏಳಕ್ಕೆ ಚಹಾ, ಹನ್ನೆರಡೂವರೆಗೆ ರೊಟ್ಟಿ. ಸಂಜೆ ಐದೂ ಕಾಲಿಗೆ ನಡುಮನೆಯಲ್ಲಿ ಪಗಡೆಯ ಬಟ್ಟೆ ಹಾಸುತ್ತೇನೆ. ಎದುರಿಗೆ ನನ್ನ ಹೆಂಡತಿ ಮಹಾದೇವಿ, ನಡುವೆ ನಾಲ್ಕು ಕವಡೆ. ಆರಕ್ಕೆ ಆಟ ಬಂದ್. ಯಾರ ಕಾಯಿ ಎಲ್ಲಿದೆ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸುವುದು. ನಿವೃತ್ತನಾದ ಮೇಲೆ ಒಂಬತ್ತು ವರ್ಷ ಹೀಗೇ ನಡೆದಿತ್ತು. ಆಡುವಾಗ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಅವಳು ಮನೆ ತಪ್ಪಾಗಿ ಎಣಿಸಿದರೆ ನಾನು ಬೆರಳಿನಿಂದ ತೋರಿಸುತ್ತಿದ್ದೆ. ಅದನ್ನು ನಾನು ದಾಂಪತ್ಯದ ಸುಖ ಎಂದೇ ತಿಳಿದಿದ್ದೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಬಸವ ಜಯಂತಿಯ ದಿನ. ಜೇವರ್ಗಿಯಿಂದ ರಶೀದ್ ಮಾಸ್ತರರು ಶುಭಾಶಯ ಹೇಳಲು ಫೋನು ಮಾಡಿದರು. ನಾನು ವಾಯುವಿಹಾರದಲ್ಲಿದ್ದೆ, ಫೋನು ಮಹಾದೇವಿ ಎತ್ತಿದಳು. ರಶೀದ್ ಮಾಸ್ತರರು ನನ್ನ ಕೈಕೆಳಗೆ ಹನ್ನೊಂದು ವರ್ಷ ಚಿತ್ರಕಲೆ ಕಲಿಸಿದವರು. ಆ ಹನ್ನೊಂದು ವರ್ಷದಲ್ಲಿ ಅವರು ಒಂದು ದಿನವೂ ಹೊತ್ತಿಗೆ ಸರಿಯಾಗಿ ಶಾಲೆಗೆ ಬಂದದ್ದು ನಾನು ಕಂಡಿಲ್ಲ. ಬಸ್ ನಿಲ್ದಾಣದಿಂದ ಶಾಲೆಗೆ ಐದು ನಿಮಿಷದ ದಾರಿ. ಅವರಿಗೆ ಅರ್ಧ ಗಂಟೆ, ಯಾಕೆಂದರೆ ದಾರಿಯಲ್ಲಿ ಸಿಕ್ಕ ಎಲ್ಲರನ್ನೂ ಮಾತಾಡಿಸಿಕೊಂಡು ಬರಬೇಕು. ಹತ್ತೂ ಐದಕ್ಕೆ ನಾನು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಕೆಳಗೆ ಕೆಂಪು ಗೆರೆ ಎಳೆಯುತ್ತಿದ್ದೆ. ಅವರು ಬಂದು, ಗೆರೆಯನ್ನು ನೋಡಿ ನಕ್ಕು, ಅದರ ಮೇಲೆ ಅಂದವಾಗಿ ಸಹಿ ಮಾಡುತ್ತಿದ್ದರು. ಮಕ್ಕಳು, ಜವಾನ, ತಪಾಸಣೆಗೆ ಬಂದ ಅಧಿಕಾರಿ, ಎಲ್ಲರಿಗೂ ರಶೀದ್ ಮಾಸ್ತರರೇ ಬೇಕು. ಹೊತ್ತಿಗೆ ಸರಿಯಾಗಿ ಬಂದ ನನ್ನನ್ನು ಬೇಕು ಅಂದವರು ಯಾರೂ ಇರಲಿಲ್ಲ.

ಇಂಥವರು ಮಹಾದೇವಿಗೆ ಫೋನಿನಲ್ಲಿ ಏನು ಹೇಳಿದರೆಂದರೆ, ತಾವು ಮತ್ತು ತಮ್ಮ ಬೇಗಂ ಶಹನಾಜ್‌ಬಿ ದಿನಾ ಸಂಜೆ ಮೊಬೈಲಿನಲ್ಲಿ ಲೂಡೋ ಆಡುತ್ತೇವೆ, ಅದು ನಾಲ್ಕು ಜನರ ಆಟ, ಇಬ್ಬರು ಕಡಿಮೆ ಬಿದ್ದಿದ್ದಾರೆ, ಅಕ್ಕಾವರು ಬರಬೇಕು ಎಂದು. ಅಕ್ಕಾವರು ಹೋದರು. ಆಳಂದ ತಾಲೂಕಿನ ಮಟಕಿಯಲ್ಲಿರುವ ತಮ್ಮ ತಂಗಿ ಗಂಗಮ್ಮನನ್ನೂ ಎಳೆದುಕೊಂಡರು. ಆಟವನ್ನು ಫೋನಿಗೆ ಹಾಕಿಕೊಟ್ಟವಳು ನಮ್ಮ ಸೊಸೆ. ಹೀಗೆ ಜೇವರ್ಗಿ, ಅಫಜಲಪುರ, ಆಳಂದ ಮೂರು ತಾಲೂಕು ಒಂದಾಗಿ ನನ್ನ ಐದೂ ಕಾಲನ್ನು ಕಿತ್ತುಕೊಂಡವು.

ಆಟ ಹೋದರೆ ಹೋಗಲಿ, ನಾನು ಸಹಿಸಿಕೊಳ್ಳುತ್ತಿದ್ದೆ. ಸಹಿಸಲಾಗದ್ದು ಆ ನಗು. ಆ ಆಟದಲ್ಲಿ ಆಡುವವರು ಒಬ್ಬರ ಜೊತೆ ಒಬ್ಬರು ಮಾತಾಡಬಹುದು. ಆ ಕಡೆಯಿಂದ ರಶೀದ್ ಮಾಸ್ತರರು ಏನೋ ಅನ್ನುವರು, ಈ ಕಡೆ ಮಹಾದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಗುವಳು. ಒಂಬತ್ತು ವರ್ಷ ನನ್ನೆದುರು ಕುಳಿತು ಅವಳು ಎಷ್ಟೋ ಸಲ ಗೆದ್ದಿದ್ದಾಳೆ, ಒಮ್ಮೆಯೂ ಹೀಗೆ ನಕ್ಕಿಲ್ಲ. ಅಲ್ಲಿ ಸೋತರೂ ನಗುತ್ತಾಳೆ. ಏನು ಹೇಳುತ್ತಾರೆ ಕೇಳೋಣವೆಂದು ನಾನು ಕಿಟಕಿಯ ಹೊರಗೆ ಮಲ್ಲಿಗೆ ಬಳ್ಳಿಗೆ ನೀರು ಹಾಕುತ್ತಾ ನಿಲ್ಲುತ್ತಿದ್ದೆ. ಮಾತು ಅರ್ಧ ಕೇಳಿಸುತ್ತಿರಲಿಲ್ಲ, ನಗು ಪೂರ್ತಿ ಕೇಳಿಸುತ್ತಿತ್ತು. ಮೂರು ವಾರದಲ್ಲಿ ಬಳ್ಳಿ ಬುಡದಿಂದ ಕೊಳೆಯಿತು. ಇಷ್ಟು ನೀರು ಯಾರು ಸುರಿದರೆಂದು ಸೊಸೆ ಕೇಳಿದಾಗ ಮಳೆಯ ಮೇಲೆ ಹಾಕಿದೆ. ಮಳೆ ಬಂದು ತಿಂಗಳಾಗಿತ್ತು.

ಹೊಟ್ಟೆಕಿಚ್ಚು ಇದೆ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಅದಕ್ಕೊಂದು ತತ್ವದ ಅಂಗಿ ತೊಡಿಸುವುದು ನನ್ನ ಪದ್ಧತಿ. ಆ ತತ್ವ ಒಂದು ಸಂಜೆ ತಾನಾಗಿ ಸಿಕ್ಕಿತು. ಕರೆಂಟು ಹೋಯಿತು, ಹಿಂದೆಯೇ ನೆಟ್‌ವರ್ಕ್ ಹೋಯಿತು, ಮಹಾದೇವಿಯ ಕಾಯಿ ಹಣ್ಣಾಗಲು ಇನ್ನೆರಡು ಮನೆ ಇರುವಾಗ ನಿಂತುಬಿಟ್ಟಿತು. ನಾಲ್ಕು ಜನ ಆಡುವ ಆಟಕ್ಕೆ ಐದನೆಯವನಾಗಿ ಟವರ್ ಯಾಕೆ? ಕಬಡ್ಡಿಗೆ ಟವರ್ ಬೇಕೇ? ಕೇರಂಗೆ ಬೇಕೇ? ಫೋನು ಅವಳದು, ಬೆರಳು ಅವಳದು, ಆಟ ಮಾತ್ರ ಯಾರದೋ ಮರ್ಜಿಯ ಮೇಲೆ ನಡೆಯುವುದು ಯಾವ ನ್ಯಾಯ? ನೆಟ್‌ವರ್ಕ್ ಇಲ್ಲದಾಗ ಒಬ್ಬರೇ ಕುಳಿತು ಮಷಿನ್ನಿನ ಜೊತೆ ಆಡುವ ಸೌಲಭ್ಯ ಇರಲೇಬೇಕು. ಅದಕ್ಕೆ ಆಫ್‌ಲೈನ್ ಅನ್ನುತ್ತಾರೆಂದು ಸೊಸೆ ಹೇಳಿದಳು. ಮಂದಿಯ ಜೊತೆ ಆಡುವ ಆಟದಲ್ಲಿ ಮಂದಿಯನ್ನೇ ತೆಗೆದರೆ ಉಳಿಯುವುದೇನು ಮಾವ ಎಂದೂ ಕೇಳಿದಳು. ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆ ಕೇಳಿದವರಿಗೆ ತರಗತಿಯಲ್ಲಿ ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದೆ, ಆಮೇಲೆ ನೋಡೋಣ ಎಂದು.

ಆಟದ ಕಂಪನಿಗೆ ಒಂದು ಮನವಿ ಬರೆದೆ. ವಿಷಯ, ಉಲ್ಲೇಖ, ಮಾನ್ಯರೇ, ಎಲ್ಲವೂ ಕ್ರಮವಾಗಿತ್ತು. ನಮ್ಮ ಭಾಗದಲ್ಲಿ ನೆಟ್‌ವರ್ಕ್ ಕೈಕೊಡುವುದನ್ನು ವಿವರಿಸಿ, ಹಿರಿಯ ನಾಗರಿಕರ ಹಿತದೃಷ್ಟಿಯಿಂದ ಆಫ್‌ಲೈನ್ ವ್ಯವಸ್ಥೆ ಒದಗಿಸಬೇಕೆಂದು ಕೋರಿದೆ. ರಶೀದ್ ಮಾಸ್ತರರ ಹೆಸರು ಎಲ್ಲಿಯೂ ಬಾರದಂತೆ ಎಚ್ಚರ ವಹಿಸಿದ್ದೆ. ಸೊಸೆ ಅದನ್ನು ಕಳಿಸಿಕೊಟ್ಟಳು. ಒಂದೂವರೆ ತಿಂಗಳಿಗೆ ಆಟ ಹೊಸದಾಗಿ ಬಂತು, ಅದರಲ್ಲಿ ಆಫ್‌ಲೈನ್ ಎಂಬ ಗುಂಡಿ ಇತ್ತು. ಅದು ನನ್ನ ಮನವಿಯಿಂದಲೇ ಆಯಿತೆಂದು ನಾನು ಹೇಳಿಕೊಳ್ಳುವುದಿಲ್ಲ. ಮನೆಯಲ್ಲಿ ನಾಲ್ಕು ಸಲ ಹೇಳಿದೆ, ಅಷ್ಟೆ.

ಮಹಾದೇವಿ ನನ್ನ ಒತ್ತಾಯಕ್ಕೆ ಎರಡು ದಿನ ಮಷಿನ್ನಿನ ಜೊತೆ ಆಡಿದಳು. ನಡುಮನೆ ಶಾಂತವಾಗಿತ್ತು, ನನ್ನ ಹೊಟ್ಟೆಯೂ. ಮೂರನೆಯ ದಿನ ಫೋನು ಕೆಳಗಿಟ್ಟಳು. ಹ್ಯಾಂಗದ ಎಂದು ಕೇಳಿದೆ.

"ಚಲೋ ಅದ ಬಿಡ್ರಿ" ಎಂದಳು. "ಮಾತಿಲ್ಲ, ಕತಿಯಿಲ್ಲ. ಎಣಿಕಿ ತಪ್ಪೂದಿಲ್ಲ. ಥೇಟ್ ನಿಮ್ಮ ಜೋಡಿ ಕುಂತು ಆಡಿದಂಗs ಆಗ್ತದ."

ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಕಂಡದ್ದನ್ನು ಹೇಳಿ ಒಲೆಯ ಮೇಲಿನ ಹಾಲು ನೋಡಲು ಹೋದಳು. ನಾನು ಚಹಾ ಕುಡಿಯದೆ ಕುಳಿತೆ. ಇಷ್ಟು ದಿನ ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚಿತ್ತು. ಅವನನ್ನು ದೂರ ಇಡಲು ಒಂದು ಮಷಿನ್ನನ್ನು ಕರೆತಂದೆ, ಅದು ನಾನೇ ಆಗಿ ಬಂದು ಕುಳಿತಿತ್ತು. ಮರುದಿನ ಐದೂ ಕಾಲಿಗೆ ಅವಳು ಮತ್ತೆ ಜೇವರ್ಗಿಯ ಪಾಲಾದಳು.

ಅಷ್ಟರಲ್ಲಿ ದೇವರು ನನ್ನ ಕಡೆ ನೋಡಿದ. ಹವಳಗಾ ರಸ್ತೆಯಲ್ಲಿ ಅಗೆಯುವಾಗ ನೆಲದೊಳಗಿನ ಕೇಬಲ್ ಕತ್ತರಿಸಿಹೋಯಿತಂತೆ. ಊರಿಗೆ ಊರೇ ನೆಟ್‌ವರ್ಕ್ ಇಲ್ಲ, ಫೋನು ಕೂಡ ಹತ್ತುವುದಿಲ್ಲ. ನಾನು ಮುಖದಲ್ಲಿ ವಿಷಾದ ತಂದುಕೊಂಡು ಪಗಡೆ ಬಟ್ಟೆ ಹಾಸಿದೆ. ಈ ಸಲ ತಯಾರಿ ಮಾಡಿಕೊಂಡಿದ್ದೆ. ಮಾತಾಡಬೇಕಲ್ಲವೇ? ಏನೇನು ಮಾತಾಡುವುದೆಂದು ಒಂದು ಚೀಟಿಯಲ್ಲಿ ಬರೆದು ತೊಡೆಯ ಕೆಳಗೆ ಇಟ್ಟುಕೊಂಡಿದ್ದೆ. ಮೊದಲು ತೊಗರಿ ಬೆಳೆ, ಆಮೇಲೆ ಗೊಬ್ಬೂರಿನ ಬೀಗರ ಆರೋಗ್ಯ, ಐದೂ ಮುಕ್ಕಾಲಿಗೆ ಒಂದು ನಗೆ ಮಾತು. ತೊಗರಿಯ ವಿಷಯ ಎರಡು ನಿಮಿಷಕ್ಕೆ ಮುಗಿಯಿತು. ಬೀಗರು ಆರೋಗ್ಯವಾಗಿದ್ದರು. ನಗೆ ಮಾತಿಗೆ ಇನ್ನೂ ಅರ್ಧ ಗಂಟೆ ಇತ್ತು. ಮಹಾದೇವಿ ನನ್ನ ಹಣೆ ಮುಟ್ಟಿ ನೋಡಿ, ಜ್ವರ ಬಂದಾವೇನ್ರಿ ಎಂದು ಕೇಳಿದಳು. ಎರಡನೆಯ ದಿನ ಚೀಟಿ ಅವಳ ಕೈಗೇ ಸಿಕ್ಕಿತು. ಓದಿದಳು, ಮಡಿಸಿ ಕೊಟ್ಟಳು. ಅವಳು ಬೈದಿದ್ದರೆ ಒಳ್ಳೆಯದಿತ್ತು.

ಮೂರನೆಯ ದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ತೆರೆದರೆ ರಶೀದ್ ಮಾಸ್ತರರು, ಹಿಂದೆ ಶಹನಾಜ್‌ಬಿ. ಎರಡು ಬಸ್ಸು ಬದಲಿಸಿ ಬಂದಿದ್ದರು.

"ಮೂರು ದಿನ ಆತ್ರಿ ಅಕ್ಕಾವ್ರ, ನಿಮ್ಮ ಕಾಯಿ ನಿಂತಲ್ಲೇ ನಿಂತದ" ಎಂದರು ನನ್ನ ಹೆಗಲ ಮೇಲಿಂದ ಒಳಗೆ ನೋಡಿ. "ಫೋನ್ ಹತ್ತವಲ್ದು. ಈಕಿಗೆ ಜೀವ ತಡೀಲಿಲ್ಲ. ನಡೀರಿ, ನೋಡೇ ಬರೂಣು ಅಂದ್ಲು."

ಮಹಾದೇವಿ ಅಡಿಗೆ ಮನೆಯಿಂದ ಓಡಿಬಂದಳು. ನಾನು ಬರ್ರಿ ಮಾಸ್ತರ ಎಂದೆ. ಬೇರೆ ಏನು ಅನ್ನಲಿ? ಆಫ್‌ಲೈನ್ ಬೇಕು ಎಂದು ಕೈಯಾರೆ ಬರೆದುಕೊಟ್ಟವನು ನಾನು, ಅದು ಈಗ ಚಪ್ಪಲಿ ಬಿಟ್ಟು ನಡುಮನೆಗೆ ಬಂದು ಕುಳಿತಿತ್ತು. ರೊಟ್ಟಿ ಊಟವಾಯಿತು. ಐದೂ ಕಾಲಿಗೆ ಬಟ್ಟೆ ಹಾಸಿದೆವು. ಎದುರುಬದುರು ಕುಳಿತವರು ಜೋಡಿ. ಯಾರ ಎದುರು ಯಾರು ಎಂದು ಕವಡೆ ಹಾಕಿ ನೋಡೋಣ ಎಂದಳು ಮಹಾದೇವಿ. ಅವಳು ಮಾಸ್ತರರ ಎದುರು ಕುಳಿತರೆ ನಾನು ಆ ನಗುವನ್ನು ಕಣ್ಣಾರೆ ನೋಡಬೇಕಾಗುತ್ತದೆ. ಆದರೆ ಕವಡೆ ಬಿದ್ದದ್ದು ಬೇರೆ ರೀತಿ. ಹೆಂಗಸರಿಬ್ಬರು ಒಂದು ಜೋಡಿ, ನನ್ನ ಎದುರಿಗೆ ರಶೀದ್ ಮಾಸ್ತರರು.

ನಾನು ಬಿಗಿಯಾಗಿ ಕುಳಿತು ಕವಡೆ ಎಸೆಯುತ್ತಿದ್ದೆ. ಮಾಸ್ತರರು ನನ್ನ ಕಾಯಿಯ ಮನೆಗಳನ್ನು ಎಣಿಸಿಕೊಡುತ್ತಾ ಸಹಜವಾಗಿ ಕೇಳಿದರು, ಸಾಹೇಬ್ರ, ನೀವು ಒಂದೇ ಒಂದು ದಿನ ರಜಾ ಹಾಕಿದ್ದು ನೆನಪದ ಏನ್ರಿ ಎಂದು. ನೆನಪಿತ್ತು. ತಂಗಿಯ ಮಗಳ ಮದುವೆ.

"ಅವತ್ತ ನಾ ಹತ್ತಕ್ಕ ಬರೋಬ್ಬರಿ ಬಂದೆನ್ರಿ. ಸಹಿ ಮಾಡಿ ನೋಡತೇನಿ, ಕೆಂಪು ಗೆರಿ ಇಲ್ಲ. ನನ್ನ ಸಹಿ ನನಗs ಗುರುತು ಸಿಗಲಿಲ್ಲ. ಇದ್ಯಾರ್ದೋ ಅದ ಅನಿಸ್ತು. ನಿಮ್ಮ ಟೇಬಲ್ ಮ್ಯಾಲಿನ ಪೆನ್ ತೊಗೊಂಡು ನಾನೇ ಗೆರಿ ಹೊಡಕೊಂಡೆ. ಆಗ ಜೀವಕ್ಕ ಸಮಾಧಾನ ಆತು."

ನಾನು ಕವಡೆಯನ್ನು ಕೈಯಲ್ಲೇ ಹಿಡಿದು ಅವರ ಮುಖ ನೋಡಿದೆ. ಆ ಗೆರೆ ನನಗೆ ಚೆನ್ನಾಗಿ ಗೊತ್ತು. ನಾನಿಲ್ಲದ ದಿನವೂ ಶಿಸ್ತು ಕಾಪಾಡಿದ್ದಾರೆಂದು ಅವತ್ತು ನನ್ನ ಜಾಗ ನೋಡಿಕೊಂಡಿದ್ದ ಸಹಾಯಕ ಶಿಕ್ಷಕರನ್ನು ಮಾರನೆಯ ದಿನ ಸಭೆಯಲ್ಲಿ ನಿಲ್ಲಿಸಿ ಹೊಗಳಿದ್ದೆ. ಎಲ್ಲರಿಂದ ಚಪ್ಪಾಳೆ ಹೊಡೆಸಿದ್ದೆ. ರಶೀದ್ ಮಾಸ್ತರರು ಎಲ್ಲರಿಗಿಂತ ಜೋರಾಗಿ ಹೊಡೆದಿದ್ದರು. ಅದು ಯಾಕೆಂದು ಇಷ್ಟು ವರ್ಷದ ಮೇಲೆ ತಿಳಿಯಿತು. ಮೊದಲು ನನ್ನ ಭುಜ ಅಲುಗಿತು, ಆಮೇಲೆ ಹೊಟ್ಟೆ. ಕವಡೆ ಎಲ್ಲೆಲ್ಲೋ ಉರುಳಿದವು. ಕನ್ನಡಕ ತೆಗೆದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳಬೇಕಾಯಿತು. ಒರೆಸಿಕೊಂಡು ನೋಡಿದರೆ ಗಡಿಯಾರದಲ್ಲಿ ಆರೂವರೆ. ಆಟ ನಿಲ್ಲಿಸಿ ಎಂದು ನಾನೂ ಹೇಳಲಿಲ್ಲ.

ಅವರು ಕಡೆಯ ಬಸ್ಸಿಗೆ ಹೊರಟರು. ಮಹಾದೇವಿ ಬಾಗಿಲಲ್ಲಿ ಚೆನ್ನಾಗಿಯೇ ಬೀಳ್ಕೊಟ್ಟಳು. ಒಳಗೆ ಬಂದ ಮೇಲೆ ಕವಡೆಗಳನ್ನು ಡಬ್ಬಿಗೆ ಒಂದೊಂದಾಗಿ, ಸದ್ದಾಗುವಂತೆ ಹಾಕುತ್ತಿದ್ದಳು. ಏನಾತು ಎಂದು ಕೇಳಿದೆ.

"ಏನಿಲ್ರಿ. ಮದಿವಿ ಆಗಿ ನಲವತ್ತು ವರ್ಷ ಆತು. ನನ್ನ ಮುಂದ ಒಂದಿನ ಹಿಂಗ ಕಣ್ಣಾಗ ನೀರು ಬರೂಹಂಗ ನಕ್ಕೀರೇನ್ರಿ? ಮಾಸ್ತರ್ ಬಂದ್ರ ಮಾತ್ರ ನಗು ಬರ್ತದ ನಿಮಗ."

ನಾಲ್ಕು ತಿಂಗಳು ಕಿಟಕಿಯ ಹೊರಗೆ ನಿಂತು ನಾನು ಅವಳ ಬಗ್ಗೆ ಅಂದುಕೊಂಡದ್ದನ್ನೇ ಅವಳು ಅಕ್ಷರ ಬಿಡದೆ ನನಗೆ ಹೇಳುತ್ತಿದ್ದಳು, ಅದೂ ಅದೇ ಮನುಷ್ಯನ ವಿಷಯದಲ್ಲಿ. ನನಗೆ ಕೆಟ್ಟೆನಿಸಬೇಕಿತ್ತು. ನಿಜ ಹೇಳುತ್ತೇನೆ, ಬಹಳ ಹಿತವಾಯಿತು. ಒಬ್ಬರು ನನಗಾಗಿ ಹೊಟ್ಟೆಕಿಚ್ಚು ಪಡುವಷ್ಟು ಬೆಲೆ ನನಗಿದೆ ಎಂದು ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಗೊತ್ತಾಗುವುದು ಸಣ್ಣ ವಿಷಯವಲ್ಲ. ಅವಳನ್ನು ಸಮಾಧಾನ ಮಾಡಲು, ಗೆರೆಯ ಆ ಕತೆಯನ್ನು ಮತ್ತೊಮ್ಮೆ ಹೇಳಿದೆ. ಯಾವ ವರ್ಷ, ಯಾವ ಬಣ್ಣದ ಪೆನ್ನು, ಸಭೆ ಎಷ್ಟು ಹೊತ್ತಿಗೆ ಆರಂಭವಾಯಿತು, ಹಾಜರಿದ್ದವರೆಷ್ಟು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿದಳು. ನಗಲಿಲ್ಲ.

ಮರುದಿನ ಕೇಬಲ್ ಜೋಡಿಸಿದರು, ನೆಟ್‌ವರ್ಕ್ ಬಂತು. ಐದೂ ಕಾಲಿಗೆ ಬಟ್ಟೆ ಹಾಸಲೋ ಬೇಡವೋ ಎಂದು ನಾನು ನಿಂತಿದ್ದೆ. ಮಹಾದೇವಿ ಫೋನನ್ನು ನನ್ನ ಕೈಗೆ ಕೊಟ್ಟಳು.

"ಹಚ್ರಿ. ಆ ಗೆರಿ ಮಾತು ಅವರ ಬಾಯಿಂದನೇ ಮತ್ತೊಮ್ಮೆ ಕೇಳೂಣು. ನೀವು ಹೇಳಿದ್ರ ಅದು ವರದಿ ಓದಿದಂಗ ಆಗ್ತದ."

ಹಚ್ಚಿಕೊಟ್ಟೆ. ಅದು ನಾಲ್ಕೇ ಜಾಗದ ಆಟ, ನಾಲ್ವರೂ ತುಂಬಿದ್ದರು. ನಾನು ಕುರ್ಚಿಯನ್ನು ಎಳೆದುಕೊಂಡು ಅವಳ ಪಕ್ಕ ಕುಳಿತೆ. ಆ ಕಡೆಯಿಂದ ಮಾಸ್ತರರು ಸಲಾಂ ಸಾಹೇಬ್ರ ಎಂದು ಮಾತು ಶುರು ಮಾಡಿದರು. ಮಾತು ನನಗೆ ಸ್ಪಷ್ಟವಾಗಿಯೇ ಕೇಳಿಸುತ್ತಿತ್ತು. ಆದರೂ ಅವಳು ಫೋನನ್ನು ತನ್ನ ಕಿವಿಯ ಕಡೆಗೇ ಸ್ವಲ್ಪ ಹೆಚ್ಚು ವಾಲಿಸಿಕೊಂಡಿದ್ದಾಳೆ ಎಂದು ನನಗೆ ಅನುಮಾನ.