ಭಾವನ ಎರಡನೇ ತಂತಿ

ಮೊದಲನೇ ಸುರುಳಿ ತಂತಿಗೆ ಎಂಬತ್ತು ರೂಪಾಯಿ, ಎರಡನೇ ಸುರುಳಿಗೆ ನೂರಾ ಹತ್ತು. ಎರಡೂ ಶಿರಾದ ಒಂದೇ ಗುಜರಿ ಅಂಗಡಿಯವು, ಎರಡೂ ಹಳೆಯವು. ಎರಡನೆಯದಕ್ಕೆ ಹೆಚ್ಚು ಯಾಕೆ ಕೊಟ್ಟೆ ಎನ್ನುತ್ತೀರಾ? ನನ್ನ ಭಾವನಿಗೆ ಹುಚ್ಚು, ಅದಕ್ಕೆ! ಮಧುಗಿರಿಯಲ್ಲಿ ಬರಿಗೈಲಿ ಹುಣಸೆಹಣ್ಣಿನ ಮಂಡಿ ಇಟ್ಟು ನಿಂತವನು ನಾನು. ನನ್ನ ಜೇಬಿನಿಂದ ಮೂವತ್ತು ರೂಪಾಯಿ ಹೆಚ್ಚಿಗೆ ಹೊರಡಿಸಿದ ಹುಚ್ಚು ಸಾಮಾನ್ಯದ್ದಾಗಿರಲು ಸಾಧ್ಯವೇ?

ಭಾವ, ಅಂದರೆ ನನ್ನ ಅಕ್ಕನ ಗಂಡ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರು. ಎಂಬತ್ತರ ದಶಕದ ಮಾತು. ಗಾಳಿ ಜೋರಾಗಿ ಬೀಸಿದರೆ ಪಾವಗಡದ ಲೈನು ಬೀಳುತ್ತಿತ್ತು. ಆಗ ಶಿರಾ ಕಡೆಯಿಂದ ಸುತ್ತುಹಾಕಿಸಿ ಮಾತು ದಾಟಿಸುವುದು ಅವರ ಕೆಲಸ. "ಒಂದ್ ದಾರಿ ಸತ್ರೆ ಇನ್ನೊಂದ್ ದಾರಿ ತಾನಾಗೇ ಎದ್ ನಿಲ್ಬೇಕು ಕಣ್ಲಾ! ಯಾರನ್ನೋ ಕೇಳ್ಕೊಂಡು ಕೂತ್ರೆ ಕೆಟ್ವಿ" ಎನ್ನುವರು. ತರಬೇತಿಗೆ ಬೆಂಗಳೂರಿಗೆ ಹೋಗಿಬಂದ ಮೇಲಂತೂ ಕೇಳಬೇಡಿ. ಮುಂದೆ ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕೇ ಸಾವಿರಾರು ಜನರ ಮಾತು ಹೊತ್ತು ಓಡುತ್ತದಂತೆ! ನಾವೆಲ್ಲ ಬಾಯಿ ಬಿಟ್ಟು ಕೇಳುತ್ತಿದ್ದರೆ ಅವರ ಮುಖದಲ್ಲಿ ಒಂದೇ ಚಿಂತೆ: "ಆ ಎಳೆ ಮುರಿದ್ರೆ?"

ಹೀಗಾಗಿ ಅವರದೆಲ್ಲ ಜೋಡಿ. ಪ್ಯಾಂಟಿಗೆ ಬೆಲ್ಟು, ಬೆಲ್ಟನ್ನು ನಂಬದೆ ಮೇಲೊಂದು ಲಾಡಿ. ಕೊರಟಗೆರೆಯ ಮದುವೆಯೊಂದಕ್ಕೆ ಹೋದಾಗ ಛತ್ರದ ಮುಂಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಬಿಟ್ಟು, ಹಿಂಬಾಗಿಲಲ್ಲಿ ಇನ್ನೊಂದು ಜೊತೆ ಇಟ್ಟರು. ಊಟ ಮುಗಿಯುವಷ್ಟರಲ್ಲಿ ಮುಂಬಾಗಿಲ ಚಪ್ಪಲಿಗಳನ್ನೆಲ್ಲ ಯಾರೋ ಬಾಚಿಕೊಂಡು ಹೋಗಿದ್ದರು. ಬೀಗರೆಲ್ಲ ಬರಿಗಾಲಲ್ಲಿ ಬಿಸಿಲಿಗೆ ಕುಣಿಯುತ್ತಿರುವಾಗ ನಮ್ಮ ಭಾವ ಚಪ್ಪಲಿ ಮೆಟ್ಟಿ ಠೀವಿಯಿಂದ ಬಂದರು. ಜನ ಸುಮ್ಮನಿದ್ದಾರೆಯೇ? "ಇವ್ನೇ ಕಳ್ಳ, ಹಿಡೀರ್ಲಾ!" ಬಿಡಿಸಿಕೊಂಡು ಬರುವಷ್ಟರಲ್ಲಿ ನನ್ನ ಗಂಟಲು ಒಣಗಿತು.

ಆದರೆ ತಂತಿಯ ವಿಷಯ ನಗುವಂಥದ್ದಲ್ಲ. ಅಕ್ಕನಿಗೆ ಉಬ್ಬಸ. ಅದು ಬಂತೆಂದರೆ ಕೂಗಲೂ ಉಸಿರಿರುವುದಿಲ್ಲ. ಭಾವ ಡ್ಯೂಟಿಗೆ ಹೋದರೆ ಮನೆಯಲ್ಲಿ ಅವಳೊಬ್ಬಳೇ. ಅದಕ್ಕೆ ಅವಳ ಮಂಚದ ಪಕ್ಕ ಒಂದು ಗುಂಡಿ, ರಸ್ತೆಯಾಚೆ ನನ್ನ ಮಂಡಿಯಲ್ಲಿ ಒಂದು ಬೆಲ್ಲು, ನಡುವೆ ತಂತಿ. ಒತ್ತಿದರೆ ನಾನು ಓಡಬೇಕು. ಮೊದಲ ವಾರವೇ ಬೆಲ್ಲು ಬಡಿಯಿತು. ತಕ್ಕಡಿ ಬಿಟ್ಟು ಓಡಿದರೆ ಅಕ್ಕ ಈರುಳ್ಳಿ ಹೆಚ್ಚುತ್ತಿದ್ದಾಳೆ!

"ಏನಕ್ಕಾ ಇದು?"

"ಒಂದೆಸಳು ಕರಿಬೇವು ತಂದ್ಕೊಡ್ಲಾ. ಅಷ್ಟ್ ದೂರಕ್ಕೆ ಕೂಗಿದ್ರೆ ನಂಗೆ ಉಬ್ಸ ಬತ್ತದೆ."

ವಾದ ಮಾಡುವುದು ಹೇಗೆ, ಹೇಳಿ!

ಒಂದು ದಿನ ನಿಜವಾಗಿಯೂ ಉಸಿರು ಕಟ್ಟಿತು. ಒತ್ತಿದಳು, ನನಗೆ ಕೇಳಿಸಲಿಲ್ಲ. ಬೆಟ್ಟದ ಕೋತಿಯೊಂದು ತಂತಿಯನ್ನು ಕಿತ್ತುಹಾಕಿತ್ತು. ಹೂವಿನ ರಂಗಮ್ಮ ಅದೇ ಹೊತ್ತಿಗೆ ಬಾಗಿಲಿಗೆ ಬಂದದ್ದಕ್ಕೆ ಅಕ್ಕ ಉಳಿದಳು. ಭಾವ ಆ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಕಿತ್ತದ್ದನ್ನು ಜೋಡಿಸಿ, ಸುರುಳಿಯಲ್ಲಿ ಉಳಿದಿದ್ದ ತಂತಿಯನ್ನು ಮೊದಲನೆಯದರ ಪಕ್ಕದಲ್ಲೇ ಎಳೆದರು. ಮಾರನೇ ದಿನ ಕೋತಿ ಎರಡನ್ನೂ ಹಿಡಿದು ಜೀಕಿತು. ಅಕ್ಕ ಕೇಳಿದಳು: "ಅಲ್ಲಾ, ಕೋತಿಗೆ ಒಂದೇ ಕೈಯಾ?"

ಹಾಗಾಗಿ ಎರಡನೇ ತಂತಿ ಹಿತ್ತಿಲ ಕಡೆಯಿಂದ, ಎಣ್ಣೆಗಾಣದ ಗೋಡೆ ಬಳಸಿ, ಬೇರೆಯದೇ ಬೀದಿಯಲ್ಲಿ ಬರಬೇಕಾಯಿತು. ನಾನು ಮತ್ತೆ ಶಿರಾ ಬಸ್ಸು ಹತ್ತಿದೆ. ಗುಜರಿ ಸಾಬರು ನನ್ನ ಮುಖ ನೋಡಿಯೇ ನಕ್ಕರು. "ಅರೇ ಸಾವ್ಕಾರ್ರೇ, ಮೊದ್ಲ ತಂತಿ ಶೋಕಿ, ಎರಡ್ನೇ ತಂತಿ ಜರೂರತ್ತು. ಜರೂರತ್ತಿಗೆ ಚೌಕಾಸಿ ಇಲ್ಲ!"

ಭಾವ ಹಳೇ ಸಾಮಾನಿನಲ್ಲಿ ಒಂದು ಪೆಟ್ಟಿಗೆ ಕಟ್ಟಿದರು. ಮೊದಲ ತಂತಿಯಲ್ಲಿ ಸದಾ ಚೂರು ಕರೆಂಟು ಹರಿಯುತ್ತಿರುತ್ತದೆ. ತಂತಿ ತುಂಡಾದರೆ, ಆ ಕರೆಂಟು ಹಿಡಿದಿಟ್ಟಿದ್ದ ಕಬ್ಬಿಣದ ನಾಲಿಗೆ ಟಕ್ಕನೆ ಬಿದ್ದು ಎರಡನೇ ತಂತಿಗೆ ಒರಗುತ್ತದೆ. ಯಾರನ್ನೂ ಕೇಳಬೇಕಾಗಿಲ್ಲ. ಅದನ್ನು ಪರೀಕ್ಷಿಸಲು ಭಾವ ಪ್ರತಿ ಶನಿವಾರ ಏಣಿ ಹತ್ತಿ, ಚೆನ್ನಾಗಿರುವ ಮೊದಲ ತಂತಿಯನ್ನು ಕಟಿಂಗ್ ಪ್ಲೇಯರಿನಿಂದ ತಾವೇ ಕತ್ತರಿಸುವರು! ಅಕ್ಕ ಮೂರು ಸಲ ಒತ್ತಬೇಕು, ನನ್ನ ಮಂಡಿಯಲ್ಲಿ ಮೂರು ಸಲ ಬಡಿಯಬೇಕು. ಆಮೇಲೆ ಜೋಡಿಸುವರು.

"ಯಾಕ್ ಸಾಮಿ, ಸರ್ಕಾರ್ದೋರು ನಿಮ್ಗೆ ಸಂಬ್ಳ ಕೊಡಾದು ತಂತಿ ಕಟ್ಟಾಕಾ, ಕತ್ತರ್ಸಾಕಾ?" ಎಂದು ರಂಗಮ್ಮ ಛೇಡಿಸುವಳು.

"ಕೆಟ್ಟಾಗ ನೋಡಣ ಅಂದ್ಕೊಂಡಿರೋದು ಕೆಟ್ಟೇ ಇರ್ತದೆ ಕಣಮ್ಮ" ಎನ್ನುವರು ಭಾವ, ಏಣಿಯ ಮೇಲಿಂದ.

ಅಂಥದೇ ಒಂದು ಶನಿವಾರ ವೈ.ಎನ್.ಹೊಸಕೋಟೆಯ ರೈತನೊಬ್ಬ ಲಾರಿ ತುಂಬ ಹುಣಸೆ ತಂದು, "ಇಂಕ ತಗ್ಗೇದಿ ಲೇದಣ್ಣಾ" ಎಂದು ತೆಲುಗಿನಲ್ಲೇ ಹೇಳಿ, ರೇಟು ಇಳಿಸದೆ ಕೂತಿದ್ದ. ಬೆಲ್ಲು ಬಡಿಯಿತು. ಒಂದು, ಎರಡು, ಮೂರು. ಸರಿ ಎಂದುಕೊಂಡೆ. ನಾಲ್ಕು! ಆಮೇಲೆ ನಿಲ್ಲಲೇ ಇಲ್ಲ. ಜನ್ಮದಲ್ಲಿ ಮೊದಲ ಸಲ ರೇಟು ಮುಗಿಸದೆ ಎದ್ದೆ.

ಅಕ್ಕ ಗುಂಡಿಯ ಮೇಲೆ ಕೈ ಒತ್ತಿ ನಿಂತಿದ್ದಳು. ಉಸಿರಾಟ ಚೆನ್ನಾಗಿಯೇ ಇತ್ತು, ಮಾತು ಹೊರಡುತ್ತಿರಲಿಲ್ಲ. ಕಿಟಕಿಯತ್ತ ಕೈ ತೋರಿಸಿದಳು. ಏಣಿಯ ಬುಡದಲ್ಲಿ ಭಾವ ಎದೆ ಹಿಡಿದುಕೊಂಡು ಬಿದ್ದಿದ್ದರು, ಇನ್ನೊಂದು ಕೈಯಲ್ಲಿ ಕತ್ತರಿಸಿದ ತಂತಿ.

ಅದೇ ರೈತನ ಲಾರಿಯಲ್ಲಿ, ಹುಣಸೆಮೂಟೆಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದೆವು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಮಾರನೇ ದಿನ ಕಣ್ಣು ಬಿಟ್ಟವರು ಮೊದಲು ಕೇಳಿದ್ದೇನು?

"ಯಾವ್ ತಂತೀಲ್ ಬಂತ್ಲಾ?"

"ಎರಡ್ನೇದ್ರಲ್ಲೇ ಭಾವ. ಮೊದಲ್ನೇದು ನಿಮ್ ಕೈಲಿತ್ತಲ್ಲ!"

ಅವರ ಮುಖ ಅರಳಿತು. ಅಕ್ಕನಿಗೆ ತಡೆಯಲಾಗಲಿಲ್ಲ. "ಚಪ್ಲಿಗೆ ಜೋಡಿ ಇಟ್ರಿ, ತಂತಿಗೆ ಜೋಡಿ ಇಟ್ರಿ. ನಿಮಗೆ ಇನ್ನೊಬ್ರನ್ನ ನಾನು ಎಲ್ಲಿಂದ ತರ್ಲಿ?" ಎಂದು ಅವರ ಕೈ ಹಿಡಿದು ಅತ್ತುಬಿಟ್ಟಳು. ಆ ನೂರಾ ಹತ್ತು ರೂಪಾಯಿ ಕಡಿಮೆಯಾಯಿತು ಎಂದು ನನಗೆ ಅನ್ನಿಸಿದ್ದು ಆಗಲೇ. ಕಡಿಮೆ ಕೊಟ್ಟೆನೆಂದು ನಾನು ಕೊರಗಿದ್ದು ಅದೊಂದೇ ಸಲ!

ಆದ್ದರಿಂದ ಕೇಳಿ, ಬಿಟ್ಟಿ ಸಲಹೆ. ಎರಡೂ ಸುರುಳಿ ಒಂದೇ ಸಲ ಕೊಳ್ಳಿ, ಆಗ ಮಾತ್ರ ಚೌಕಾಸಿ ನಡೆಯುತ್ತದೆ. ಒಂದೇ ಗೋಡೆಯ ಮೇಲೆ ಎರಡನ್ನೂ ಎಳೆಯಬೇಡಿ. ವಾರಕ್ಕೊಮ್ಮೆ ಚೆನ್ನಾಗಿರುವುದನ್ನು ಕತ್ತರಿಸಿ ನೋಡಿ. ಮತ್ತೆ, ಒಬ್ಬರೇ ಏಣಿ ಹತ್ತಬೇಡಿ. ಆಮೇಲಿನ ಶನಿವಾರಗಳಲ್ಲಿ ಹತ್ತಿದವನು ನಾನು. ಕೆಳಗೆ ಭಾವ ಹಿಡಿದು ನಿಲ್ಲುತ್ತಿದ್ದರು, ಎರಡೂ ಕೈಯಲ್ಲಿ.