ತಾವಾಗಿ ಓಡುವ ಬೂಟುಗಳು

ಮಕ್ಕಳನ್ನು ಬೆಳೆಸುವುದು ಕಷ್ಟವೆಂದು ಯಾರೂ ನನಗೆ ಹೇಳಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎಲ್ಲರೂ ಹೇಳಿದ್ದರು. ಆದರೆ ಅವರು ಹೇಳುತ್ತಿರುವುದು ತಮ್ಮ ಮಕ್ಕಳ ವಿಚಾರ, ನನ್ನ ಮಕ್ಕಳು ಹಾಗಿರುವುದಿಲ್ಲ ಎಂದು ನಂಬಿದ್ದೆ. ಒಂಬತ್ತರ ಬಸು, ಏಳರ ಶೀಲಾ, ಐದರ ಮುನ್ನಾ ಸೇರಿ ಆ ನಂಬಿಕೆಯನ್ನು ನುಚ್ಚುನೂರು ಮಾಡಿದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅನಗೋಳದ ಓಣಿಯೊಂದರಲ್ಲಿ ನಮ್ಮ ಬಾಡಿಗೆ ಮನೆ. ನನ್ನವರು ದಿನಾ ರೈಲಿನಲ್ಲಿ ಖಾನಾಪುರದ ಕಚೇರಿಗೆ ಹೋಗಿಬರುತ್ತಿದ್ದರು. ನಾನು ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರೂರುಗಳ ಟ್ರಂಕ್ ಕಾಲ್ ಜೋಡಿಸುತ್ತಿದ್ದ ನನಗೆ ಈ ಮೂವರನ್ನು ಒಂದು ಚಾಪೆಯ ಮೇಲೆ ಕೂಡಿಸಲು ಆಗುತ್ತಿರಲಿಲ್ಲ.

ಆ ಬೇಸಿಗೆಯ ಸೂಟಿಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಮೂವರು ಹೆಂಗಸರು ಬಂದು ಹೋದರು. ಒಬ್ಬಾಕೆ ಮಲಗಿದ್ದಾಗ ಮಕ್ಕಳು ಆಕೆಯ ಸೆರಗನ್ನು ಮಂಚದ ಕಾಲಿಗೆ ಕಟ್ಟಿದರು. ಇನ್ನೊಬ್ಬಾಕೆಯ ಎಲೆಅಡಿಕೆ ಚೀಲದಲ್ಲಿ ಕಪ್ಪೆ ಬಿಟ್ಟರು. ಮೂರನೆಯಾಕೆ ಏನು ಕಂಡಳೋ ಇಂದಿಗೂ ಗೊತ್ತಿಲ್ಲ, ಚಪ್ಪಲಿ ಬಿಟ್ಟೇ ಓಡಿದ್ದಳು. ನನ್ನ ರಜೆಗಳೆಲ್ಲ ಮುಗಿದವು. "ಸೋಮವಾರ ಡ್ಯೂಟಿಗೆ ಬರ್ರಿ, ಇಲ್ಲಾಂದ್ರ ರಾಜೀನಾಮೆ ಬರದ ಕೊಡ್ರಿ" ಎಂದರು ಸುಪರ್‌ವೈಸರ್.

"ಬಿಟ್ಟಬಿಡು. ಮಕ್ಕಳಿಗಿಂತ ನೌಕರಿ ಹೆಚ್ಚೇನು?" ಎಂದರು ನನ್ನವರು.

"ಹಂಗಾರ ನೀವ ಬಿಡ್ರಿ" ಎಂದೆ. ಅವರು ಪೇಪರಿನ ಹಿಂದೆ ಮರೆಯಾದರು. ಆ ನೌಕರಿಗಾಗಿ ತವರಿನಲ್ಲಿ ಮೂರು ವರ್ಷ ಜಗಳಾಡಿದವಳು ನಾನು. ಬಿಡುವ ಮಾತೇ ಇರಲಿಲ್ಲ.

ರವಿವಾರ ಕ್ಯಾಂಪಿನ ಟಾಕೀಸಿನಲ್ಲಿ ಮಕ್ಕಳ ಇಂಗ್ಲಿಷ್ ಸಿನೆಮಾ ಇತ್ತು. ನೋಡಿಯಾದರೂ ಬುದ್ಧಿ ಬರಲಿ ಎಂದು ಮೂವರನ್ನೂ ಕರೆದುಕೊಂಡು ಹೋದೆ. ಪುಂಡ ಮಕ್ಕಳ ಮನೆಗೆ ಜಾದೂ ಬಲ್ಲ ದಾದಿಯೊಬ್ಬಳು ಬರುತ್ತಾಳೆ. ಆಕೆ ಸೀಟಿ ಊದಿದರೆ ಬೂಟುಗಳು ತಾವಾಗಿ ಓಡಿ ಸಾಲಾಗಿ ನಿಲ್ಲುತ್ತವೆ, ಅಂಗಿಗಳು ಮಡಚಿಕೊಳ್ಳುತ್ತವೆ, ಚಮಚಗಳು ಸ್ನಾನಕ್ಕೆ ಇಳಿಯುತ್ತವೆ. ಕೊನೆಗೆ ಮಕ್ಕಳು ಒಳ್ಳೆಯವರಾದಾಗ ಪರದೆಯ ಮೇಲಿನ ತಾಯಿ ಅತ್ತಳು. ಕುರ್ಚಿಯಲ್ಲಿ ಕುಳಿತು ನಾನೂ ಅತ್ತೆ. ನನ್ನ ಮೂವರು ರೆಪ್ಪೆ ಬಡಿಯದೆ ನೋಡಿದರು. ಪಾಠ ನಾಟಿತು ಎಂದುಕೊಂಡೆ. ಬಸ್‌ಸ್ಟಾಪಿನಲ್ಲಿ ಬಸು ಹೇಳಿದ: "ಅವ್ವಾ, ಇನ್ನ ಮ್ಯಾಲೆ ನಾವೇನೂ ಮಾಡೂದ ಬ್ಯಾಡ. ಸೀಟಿ ಊದಾಕ ಬರೂ ಹೆಣ್ಮಗಳನ್ನ ತಂದಬಿಡು."

ಸೋಮವಾರ ಬೆಳಗಿನ ರೈಲಿಗೆ ಖಾನಾಪುರದಿಂದ ಜೈತೂನಬಿ ಬಂದರು. ನನ್ನವರ ಕಚೇರಿಯ ಗೆಳೆಯರೊಬ್ಬರು ಹುಡುಕಿಕೊಟ್ಟ, ಐವತ್ತು ದಾಟಿದ ಸಣಕಲು ಹೆಂಗಸು. ಹೊಸ್ತಿಲಲ್ಲೇ ಮುನ್ನಾ ಅಡ್ಡಗಟ್ಟಿ, "ನಿನಗ ಸೀಟಿ ಊದಾಕ ಬರ್ತೈತೇನು?" ಎಂದು ಕೇಳಿದ. ನಾನು ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ಬಸ್ ಹತ್ತುತ್ತಿರಲಿಲ್ಲ. ದಿನವಿಡೀ ಎಕ್ಸ್‌ಚೇಂಜಿನ ಬೋರ್ಡಿನಲ್ಲಿ ಕರೆಯ ದೀಪ ಹೊತ್ತಿದಾಗಲೆಲ್ಲ ದೂರು ಹೇಳಲು ನೆರೆಮನೆಯವರೇ ಫೋನ್ ಮಾಡಿರಬೇಕು ಎನಿಸುತ್ತಿತ್ತು.

ಸಂಜೆ ಮನೆ ಮುಟ್ಟಿದರೆ ಒಳಗೆ ಸದ್ದಿಲ್ಲ. ಗದ್ದಲಕ್ಕಿಂತ ಅದೇ ಹೆಚ್ಚು ಹೆದರಿಸಿತು. ಬಾಗಿಲು ತಳ್ಳಿದೆ. ಗೋಡೆಗುಂಟ ಬೂಟು, ಚಪ್ಪಲಿಗಳ ಸಾಲು. ಸೊಟ್ಟಸೊಟ್ಟಗಾದರೂ ಮಡಚಿಟ್ಟ ಬಟ್ಟೆ. ಬೆವರಿಳಿಯುತ್ತಿದ್ದ ಮಕ್ಕಳು. ನಡುವೆ ಗಲ್ಲಕ್ಕೆ ಕೈ ಹಚ್ಚಿ ಕುಳಿತ ಜೈತೂನಬಿ.

"ಏನ್ ಮಾಡಿದ್ರಿ ಜೈತೂನಬಿ?"

"ನಾ ಏನೂ ಮಾಡ್ಲಿಲ್ರಿ ಬಾಯಾರ. ಸಿನೆಮಾ ನೋಡಿದೆ."

ಆಕೆ ಜನ್ಮದಲ್ಲಿ ಟಾಕೀಸಿನ ಒಳಗೆ ಕಾಲಿಟ್ಟಿರಲಿಲ್ಲ. ಮಕ್ಕಳು ಕಥೆ ಹೇಳಿದರೆ ನಂಬಲಿಲ್ಲವಂತೆ. "ಬೂಟು ತಾವ ಹೆಂಗ ಓಡ್ತಾವ? ಸುಳ್ಳ ಹೇಳಬ್ಯಾಡ್ರಿ" ಎಂದರಂತೆ. ಸುಳ್ಳಲ್ಲವೆಂದು ತೋರಿಸಲು ಬಸು ಬೂಟುಗಳನ್ನು ಕೈಗೆ ಹಾಕಿಕೊಂಡು ಓಡಿಸಿದ್ದಾನೆ. ಶೀಲಾ ಅಂಗಿಗಳ ಪಾತ್ರ ಮಾಡುತ್ತ ಬಟ್ಟೆಯನ್ನೆಲ್ಲ ಮಡಚಿದ್ದಾಳೆ. ನಾಲ್ಕು ದಿನದಿಂದ ನೀರು ಕಾಣದ ಮುನ್ನಾ ಚಮಚವಾಗಿ ಸ್ನಾನಕ್ಕೆ ಇಳಿದಿದ್ದಾನೆ. ಮರುದಿನ ಜೈತೂನಬಿಗೆ ತಾಟುಗಳ ಭಾಗ ಸರಿಯಾಗಿ ತಿಳಿದಿರಲಿಲ್ಲ. ಅದರ ಮರುದಿನ ಹಾಸಿಗೆಗಳ ಭಾಗ ಮರೆತುಹೋಗಿತ್ತು. ಪ್ರತಿಸಲವೂ ಮಕ್ಕಳು ಮಾಡಿಯೇ ತೋರಿಸಿದರು. ರಾಜೀನಾಮೆ ಬರೆಯಲೆಂದು ನನ್ನವರು ತೆಗೆದಿಟ್ಟಿದ್ದ ಕಾಗದದ ಮೇಲೆ ನಾನು ಕಿರಾಣಿ ಯಾದಿ ಬರೆದೆ. ಖರೇ ಮರೆತಿದ್ದರೋ, ಉಪಾಯವೋ ಎಂದು ಒಮ್ಮೆ ಜೈತೂನಬಿಯನ್ನು ಕೇಳಿಯೂ ಬಿಟ್ಟೆ. ಸೆರಗು ಬಾಯಿಗಿಟ್ಟು ನಕ್ಕು, "ಭಾಳ ಚಲೋ ಸಿನೆಮಾ ಐತ್ರಿ" ಎಂದಷ್ಟೇ ಅಂದರು.

ಇಷ್ಟು ಸುಲಭದ ವಿದ್ಯೆ ನನಗೆ ಬಾರದೇ ಎನಿಸಿತು. ಒಂದು ರವಿವಾರ ಮನೆ ರಣರಂಗವಾಗಿತ್ತು. ಜೈತೂನಬಿ ಮಕ್ಕಳಿಗೆಂದು ಒಂದು ಬುಟ್ಟಿ ಕವಳಿಹಣ್ಣು ತಂದು ಕುಳಿತಿದ್ದರು. ನಾನು ದನಿಗೆ ಸಕ್ಕರೆ ಬೆರೆಸಿ, "ಆ ಬೂಟು ಹೆಂಗ ಓಡಿದ್ವು? ನಾ ಮರ್ತೇಬಿಟ್ಟೆ ನೋಡ್ರಿ" ಎಂದೆ.

ಶೀಲಾ ನನ್ನನ್ನೇ ದಿಟ್ಟಿಸಿದಳು. "ನೀ ನಮ್ಮ ಬಾಜೂಕ ಕುಂತ ನೋಡೀಯಲ್ಲ? ನೀನ ಮಾಡಿ ತೋರಸು. ತಪ್ಪಾದ್ರ ನಾವು ಹೇಳ್ತೀವಿ."

ಮೂವರೂ ಜೈತೂನಬಿಯ ಪಕ್ಕ ಸಾಲಾಗಿ ಕುಳಿತು ಬುಟ್ಟಿಗೆ ಕೈ ಹಾಕಿದರು. ಹಿಡಿದದ್ದನ್ನು ಬಿಡುವ ಜಾಯಮಾನ ನನ್ನದಲ್ಲ. ಸೆರಗು ಸಿಕ್ಕಿಸಿ, ಯಜಮಾನರ ಬೂಟುಗಳನ್ನು ಎರಡೂ ಕೈಗೆ ಹಾಕಿಕೊಂಡು ಅಂಬೆಗಾಲಿನಲ್ಲಿ ಹೊರಟೆ.

"ಬಾಯಾರ," ಹಣ್ಣಿನ ಬೀಜ ಉಗುಳಿ ಜೈತೂನಬಿ ಗಂಭೀರವಾಗಿ ಹೇಳಿದರು, "ಇನ್ನ ಸ್ವಲ್ಪ ಜಲ್ದಿ ಓಡತಿದ್ವಂತ್ರಿ."

ನಾನು ಜಲ್ದಿ ಓಡಿದೆ.