ಅವ್ವ ಮಾಡುತ್ತಿದ್ದಂಥ ಸಾರು

ಕುಮಾರಸ್ವಾಮಿ ಅವತ್ತು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಯಾವ ರಗಳೆಯೂ ಆಗುತ್ತಿರಲಿಲ್ಲ. ಆದರೆ ಆ ಪುಣ್ಯಾತ್ಮನಿಗೆ ಆ ಅಭ್ಯಾಸವೇ ಇಲ್ಲವಲ್ಲ! ಭಾನುವಾರದ ಬೆಳಿಗ್ಗೆ. ಕುವೆಂಪುನಗರದ ಮನೆಯ ಮುಂಬಾಗಿಲಲ್ಲಿ ಹೆಂಡತಿ ವಾಣಿ, ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ನು ಮುಂದಿಟ್ಟುಕೊಂಡು ಬೇಳೆ ಹಿದುಕುತ್ತಿದ್ದಳು. ಚಳಿಗೆ ಅವಳ ಬೆರಳುಗಳು ಮರಗಟ್ಟಿದ್ದವು. ಮಧ್ಯಾಹ್ನದ ಊಟಕ್ಕೆ ಹಿನಕಲ್‌ನಿಂದ ಅವನ ಅಕ್ಕ ಅಂಬುಜಮ್ಮ ಬರುವವರಿದ್ದರು.

"ಈ ಸಲನಾದ್ರೂ ಅವ್ವ ಮಾಡ್ತಿದ್ದಂಗೆ ಮಾಡು. ನಿನ್ ಸಾರಿಗೆ ಅವ್ವನ ಕೈರುಚಿ ಬರಲ್ಲ," ಅಂದುಬಿಟ್ಟ.

ಮದುವೆಯಾದಾಗಿನಿಂದ ಪ್ರತಿ ಅವರೆಕಾಯಿ ಕಾಲದಲ್ಲೂ ಇದೇ ರಾಗ. ಅವ್ವ ಹೋದಾಗ ಇವನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಸಾರು ಹೇಗಿತ್ತು ಅಂತ ಕೇಳಿದರೆ ನೆಟ್ಟಗೆ ಹೇಳಲು ಬರದು. "ಆಹಾ" ಅನ್ನುತ್ತಾನೆ, ಅಷ್ಟೇ. ಆ "ಆಹಾ" ಜೊತೆ ಜಗಳವಾಡಿ ಗೆಲ್ಲುವುದು ಯಾವ ಹೆಂಗಸಿನಿಂದ ಸಾಧ್ಯ?

ವಾಣಿ ಬೇಸಿನ್ನನ್ನು ಎತ್ತಿ ಅವನ ತೊಡೆಯ ಮೇಲೆ ಕುಕ್ಕಿದಳು. ತಣ್ಣೀರು ಲುಂಗಿಗೆ ಚೆಲ್ಲಿತು.

"ನೀವೇ ಮಾಡಿ. ನಾನು ಮುದ್ದೆ ಮಾತ್ರ ತಿರುವ್ತೀನಿ. ಅವ್ವನ ಕೈಯಡುಗೆ ತಿಂದು ಬೆಳೆದೋರು ಅಕ್ಕ, ಅವರೇ ಹೇಳ್ಲಿ. ಅವ್ವನ ಥರ ಬಂದ್ರೆ ನಾನು ಸೋತೆ. ಬರ್ಲಿಲ್ವಾ, ಇನ್ಮೇಲೆ ತಟ್ಟೆ ಮುಂದೆ ಕೂತ್ಕೊಂಡು ಅವ್ವನ ಹೆಸರು ಎತ್ತಂಗಿಲ್ಲ!"

"ಆಯ್ತು ಕಣೇ, ನೋಡೇಬುಡಣ!" ಎಂದು ಅವನೂ ಕೂಗಿದ. ಎದುರುಮನೆಗೂ ಕೇಳುವಷ್ಟು ಜೋರಾಗಿ ಕೂಗಿದ್ದೇ ತಪ್ಪಾಯಿತು.

ನಮ್ಮ ಕಡೆ ಯಾರಾದರೂ ಅವರೆಬೇಳೆ ಹಿದುಕುತ್ತಾ ಕೂತರೆ ದಾರಿಯಲ್ಲಿ ಹೋಗುವವರೂ ಬಂದು ಕೂತು ಬೇಸಿನ್ನಿಗೆ ಕೈಹಾಕುತ್ತಾರೆ. ಕರೆಯಬೇಕಾಗಿಲ್ಲ. ಹಾಗೆ ಕೈಹಾಕಿದವರನ್ನು ಎದ್ದುಹೋಗಿ ಅನ್ನುವಂತೆಯೂ ಇಲ್ಲ. ಮೊದಲು ಪಕ್ಕದ ಮನೆಯ ಪುಟ್ಟಣ್ಣ ಬಂದರು. ರಿಟೈರ್ ಆದ ಮೇಲೆ ಅವರಿಗೆ ಉಳಿದಿದ್ದ ಕೆಲಸ ಸಲಹೆ ಕೊಡುವುದೊಂದೇ.

"ಸ್ವಾಮಿ, ಕಾಳನ್ನ ಹಂಗಲ್ಲ ಒತ್ತೋದು, ಹಿಂಗೆ," ಎಂದು ಒತ್ತಿದರು. ಬೇಳೆ ಪುಳಕ್ಕನೆ ಹಾರಿ ಕುಮಾರಸ್ವಾಮಿಯ ಕಣ್ಣಿಗೇ ಬಡಿಯಿತು.

"ಅಯ್ಯೋ ನಿಮ್ಮ!" ಎಂದವನು ಮುಂದಿನ ಮಾತನ್ನು ಕಷ್ಟಪಟ್ಟು ನುಂಗಿಕೊಂಡ.

ಅಷ್ಟರಲ್ಲಿ ಎದುರುಮನೆಯ ಶಾರದ ಮೇಡಂ ಒಂದು ಕಟ್ಟು ಸಬ್ಬಸಿಗೆ ಸೊಪ್ಪು ಹಿಡಿದುಕೊಂಡೇ ಬಂದರು. "ಇದು ಬೀಳದೇ ಇದ್ರೆ ಅದು ಸಾರೇ ಅಲ್ಲ ಕಣ್ರೀ."

"ನಮ್ಮವ್ವ ಸೊಪ್ಪು ಹಾಕ್ತಿರ್ಲಿಲ್ಲ ಮೇಡಂ."

"ಪಾಪ, ಅವರಿಗೆ ಯಾರೂ ಹೇಳ್ಕೊಟ್ಟಿರ್ಲಿಲ್ಲ ಅನ್ಸತ್ತೆ," ಎಂದರು ಮೇಡಂ. ಕುಮಾರಸ್ವಾಮಿಯ ಹಣೆಯ ನರ ಉಬ್ಬಿತು.

ಬೇಳೆ ಬೆಂದು, ಕಾಯಿ, ಗಸಗಸೆ, ಚಕ್ಕೆ ಹಾಕಿ ರುಬ್ಬಿದ ಮಸಾಲೆಯೂ ಬಿದ್ದು ಸಾರು ಕುದಿಯತೊಡಗಿದಾಗ ಅವನಿಗೆ ಸ್ವಲ್ಪ ಸಮಾಧಾನವಾಯಿತು. ಅಳತೆಯಾಗಿ ಉಪ್ಪು ಹಾಕಿದ. ಟ್ಯಾಂಕು ತುಂಬಿ ನೀರು ಸುರಿಯುವ ಸದ್ದಾಗಿ ಮೋಟರ್ ಆರಿಸಲು ಹಿತ್ತಲಿಗೆ ಓಡಿದ. ವಾಪಸ್ಸು ಬಂದಾಗ ಇಬ್ಬರೂ ಅಡುಗೆಮನೆಯೊಳಗೇ ಇದ್ದರು, ಪುಟ್ಟಣ್ಣ ಸೌಟು ಹಿಡಿದಿದ್ದರು.

"ಸಪ್ಪೆ ಇತ್ತು, ಉಪ್ಪು ಖಾರ ಎರಡೂ ಸರಿಮಾಡಿದೀನಿ. ಥ್ಯಾಂಕ್ಸ್ ಎಲ್ಲ ಬೇಡ ಬುಡಿ."

"ಉಪ್ಪು ನಾನಾಗ್ಲೇ ಹಾಕಿದ್ನಲ್ರೀ ಈಗ!" ಎಂದು ಮೇಡಂ ಬೆಚ್ಚಿಬಿದ್ದರು. ಸೊಪ್ಪೂ ಆಗಲೇ ಪಾತ್ರೆಯೊಳಗೆ ತೇಲುತ್ತಿತ್ತು.

ಬೆಳಗಿನಿಂದ ಅದುಮಿಟ್ಟಿದ್ದ ಕೋಪ ಕಟ್ಟೆಯೊಡೆಯಿತು. "ಯಾರ್ರೀ ಕರೆದಿದ್ದು ನಿಮ್ಮನ್ನ? ನಿಮ್ಮನೇಲಿ ಒಲೆ ಇಲ್ವಾ? ನಡೀರಿ ಆಚೆ!" ಎಂದು ಇಬ್ಬರನ್ನೂ ಗೇಟಿನವರೆಗೆ ಅಟ್ಟಿಕೊಂಡು ಹೋದ. ಅವರೇನು ಸುಮ್ಮನೆ ಹೋಗುವವರೇ? ಉಪ್ಪು ಹೆಚ್ಚಾಗಿದ್ದು ನಿಮ್ಮಿಂದ ಎಂದು ಪುಟ್ಟಣ್ಣ, ನಿಮ್ಮ ನಾಲಿಗೆ ಸತ್ತಿದೆ ಎಂದು ಮೇಡಂ, ಇಬ್ಬರೂ ಹಾಳಾಗಿಹೋಗಿ ಎಂದು ಇವನು. ರಸ್ತೆಯಲ್ಲಿ ಸ್ಕೂಟರುಗಳು ನಿಂತು ನೋಡಿದವು. ಜಗಳ ರುಚಿಹತ್ತುವ ಹೊತ್ತಿಗೆ ಸೀದ ವಾಸನೆ ಗೇಟಿಗೆ ಬಂತು.

ಓಡಿಹೋಗಿ ನೋಡಿದರೆ ಸಾರು ತಳ ಹಿಡಿದು ಕಪ್ಪಾಗಿತ್ತು. ವಾಣಿ ನಡುಮನೆಯಲ್ಲಿ ಕೈಕಟ್ಟಿ ಕೂತಿದ್ದಳು.

"ಒಲೆ ಆರಿಸಬಾರ್ದಾಗಿತ್ತೇನೇ?" ಎಂದು ಅರಚಿದ.

"ಆರಿಸಿದ್ರೆ ಅದಕ್ಕೇ ಕೆಟ್ಟೋಯ್ತು ಅಂತಿದ್ರಿ. ನಂದು ಮುದ್ದೆ ಮಾತ್ರ," ಎಂದಳು.

ನೀರು ಬೆರೆಸಿದ, ಬೆಲ್ಲ ಹಾಕಿದ, ಹುಣಸೆಹಣ್ಣು ಹಿಂಡಿದ. ಬೆರಳದ್ದಿ ನೆಕ್ಕಿದರೆ ಮುಖ ತಾನಾಗಿಯೇ ಕಿವುಚಿಕೊಂಡಿತು. ಪುಟ್ಟಣ್ಣನ ಮೇಲೆ, ಮೇಡಂ ಮೇಲೆ, ಹೆಂಡತಿಯ ಮೇಲೆ, ಅವರೆಕಾಯಿ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು. ಸಿಟ್ಟು ತಣಿಯುವ ಮೊದಲೇ ಅಂಬುಜಮ್ಮನ ಆಟೋ ಬಂತು.

ಮೂವರೂ ಊಟಕ್ಕೆ ಕೂತರು. ಅಕ್ಕ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟರು. ಹಾಗೆಯೇ ಕಲ್ಲಾದರು. ಕಣ್ಣಲ್ಲಿ ನೀರು ತುಂಬಿತು.

"ಖಾರ ಆಯ್ತೇನಕ್ಕ? ಉಗುಳ್ಬುಡು, ಪರವಾಗಿಲ್ಲ," ಎಂದ ಕುಮಾರಸ್ವಾಮಿ. ಸೋತವನ ದನಿ ಅದು.

"ಸುಮ್ನಿರೋ!" ಅಕ್ಕ ಇನ್ನೊಂದು ತುತ್ತು ನುಂಗಿದರು. "ಅವ್ವ ಕಣೋ ಇದು! ಥೇಟ್ ನಮ್ಮವ್ವನ ಸಾರು! ಇದೇ ಸೀದ ವಾಸನೆ, ಇದೇ ಉಪ್ಪು. ಸಾಯೋದ್ರೊಳಗೆ ಇನ್ನೊಂದ್ಸಲ ಈ ರುಚಿ ನೋಡ್ತೀನಿ ಅಂದ್ಕೊಂಡಿರ್ಲಿಲ್ಲ."

"ಅವ್ವ... ಹಿಂಗ್ ಮಾಡ್ತಿದ್ಲಾ?"

"ಇನ್ನೆಂಗೆ? ಅವಳಿಗೆ ಅಡುಗೆ ಕೈಗೇ ಹತ್ತಲಿಲ್ಲ, ಪಾಪ. ಅಪ್ಪ ತುಟಿಪಿಟಿಕ್ ಅನ್ನದೆ ನುಂಗೋರು. ನಾನು ನೀರು ಕುಡಿದು ಕುಡಿದು ಇಳಿಸ್ತಿದ್ದೆ. ನೀನೊಬ್ಬ ಮಾತ್ರ ತಟ್ಟೆ ನೆಕ್ಕಿ ಇನ್ನಷ್ಟು ಹಾಕು ಅಂತಿದ್ದೆ. ಆಗ ಅವಳ ಮುಖ ನೋಡ್ಬೇಕಿತ್ತು ಕಣೋ."

ಕುಮಾರಸ್ವಾಮಿ ಬರೀ ಮುದ್ದೆಯಿದ್ದ ತನ್ನ ತಟ್ಟೆಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

"ನೀವೇ ಗೆದ್ರಿ ಕಣ್ರೀ," ಎಂದಳು ವಾಣಿ, ಆ ದಿನದಲ್ಲೇ ಮೊದಲ ಸಲ ನಗುತ್ತಾ. "ಪಾಠ ಆಯ್ತು ನಂಗೆ. ಇನ್ಮೇಲೆ ನಾನೂ ಹಿಂಗೇ ಮಾಡ್ತೀನಿ."

"ಅವನ ತಟ್ಟೆ ನೋಡಮ್ಮ, ಸಾರೇ ಇಲ್ಲ," ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಹಾಕು, ಹಾಕು. ಚಿಕ್ಕಂದಿನಿಂದ ಅವನಿಗೆ ಈ ಸಾರು ಅಂದ್ರೆ ಪ್ರಾಣ."

ವಾಣಿ ಸೌಟು ತುಂಬ ಸುರಿದಳು. ಅಕ್ಕ ನೋಡುತ್ತಲೇ ಇದ್ದರು. ಕುಮಾರಸ್ವಾಮಿ ಮುದ್ದೆ ಮುರಿದು, ಅದ್ದಿ, ನುಂಗಿ, "ಆಹಾ" ಅಂದ.